ಬಾಲ ಸವೆದ ಒಂಬತ್ತು

ನಮ್ಮ ಚೀಟಿ ಹೊಡೆಯುವ ಗನ್ನಿನಲ್ಲಿ
ಎಲ್ಲಕ್ಕಿಂತ ಮೊದಲು ಸವೆಯುವುದು ಒಂಬತ್ತು.
ಮೂರು, ನಾಲ್ಕು, ಆರು
ತವರಿಂದ ಇಳಿಸದ ಪಾತ್ರೆಗಳ ಹಾಗೆ ಹೊಸದಾಗಿಯೇ ಇವೆ.
ಒಂಬತ್ತಕ್ಕೆ ಮಾತ್ರ ಬಿಡುವಿಲ್ಲ,
ಡೊಂಬಿವಲಿಯ ಬೆಳಗಿನ ಫಾಸ್ಟ್ ಲೋಕಲ್ಲಿನ ಹಾಗೆ
ತುಂಬಿಕೊಂಡೇ ಓಡುತ್ತದೆ.

ರಾತ್ರಿ ಹತ್ತೂವರೆಗೆ ಶಟರ್ ಅರ್ಧ ಇಳಿಸಿ
ಘರತ್ ಸರ್ ಪಟ್ಟಿ ಕೊಡುತ್ತಾರೆ.
ಗುರುವಾರ ಏರಿಸು. ಶುಕ್ರವಾರ ಹೊಡೆದುಹಾಕು.
ಇನ್ನೂರ ಎಪ್ಪತ್ತಕ್ಕೆ ಹೋಗುತ್ತಿದ್ದ ಕ್ಯಾಸೆರೋಲಿಗೆ
ಒಂದು ದಿನದ ಮಟ್ಟಿಗೆ ನಾನೂರ ತೊಂಬತ್ತೊಂಬತ್ತರ ಪೇಟ ತೊಡಿಸಿ,
ಮರುದಿನ ಅದರ ಎದೆಗೆ ಕೆಂಪು ಗೆರೆ ಎಳೆದು
ಕೆಳಗೆ ಇನ್ನೂರ ತೊಂಬತ್ತೊಂಬತ್ತು ಅಂಟಿಸಬೇಕು.
ಗೆರೆ ಸ್ವಲ್ಪ ಸೊಟ್ಟಗಿರಲಿ, ಎನ್ನುತ್ತಾರೆ ಸರ್,
ಈಗ ತಾನೇ ಯಾರೋ ಸಿಟ್ಟಿನಲ್ಲಿ ಹೊಡೆದ ಹಾಗೆ.

ಸಕ್ಕರೆ, ಎಣ್ಣೆ ಹಿಂದಿನ ಗೋಡೆಗೆ.
ಅಲ್ಲಿಗೆ ತಲುಪುವಷ್ಟರಲ್ಲಿ
ಬಕೆಟ್ಟು, ಬನಿಯನ್ನು, ಬಿಸ್ಕತ್ತಿನ ಗುಡ್ಡ ಸುತ್ತಬೇಕು.
ಗಾಡಿಗಳನ್ನು ಹೋದ ವರ್ಷ ದೊಡ್ಡದು ಮಾಡಿದರು:
ಅರ್ಧ ಖಾಲಿ ಗಾಡಿ ತಳ್ಳಿಕೊಂಡು ಹೊರಬೀಳುವುದು
ಮುತ್ತೈದೆಯನ್ನು ಉಡಿ ತುಂಬದೆ ಕಳಿಸಿದ ಹಾಗೆ,
ಯಾರಿಗೂ ಮನಸ್ಸು ಬರುವುದಿಲ್ಲ.

ಇದೆಲ್ಲ ಗೊತ್ತಿದ್ದವಳು ನಾನು.
ಆದರೂ ಸಂಬಳದ ದಿನ
ನಾನೇ ಅಂಟಿಸಿದ ಚೀಟಿಯ ಮುಂದೆ ನಿಂತು
ನಾನೇ ಎಳೆದ ಸೊಟ್ಟ ಗೆರೆಗೆ ಸೋತೆ.
ಮನೆಯಲ್ಲಿ ಅತ್ತೆ ಮುಚ್ಚಳ ತೆಗೆದು, ಹಾಕಿ, ತೆಗೆದು,
ಎಷ್ಟು ಕೊಟ್ಟೆ ಎಂದು ಕೇಳಲಿಲ್ಲ.
ಎಷ್ಟು ಉಳೀತು, ಎಂದರು.
ಇನ್ನೂರು, ಎಂದೆ.
ಆ ಇನ್ನೂರು ಎಲ್ಲಿದೆ ಎಂದು
ಇಬ್ಬರೂ ಹುಡುಕಲಿಲ್ಲ.

ಅಪ್ಪ ಮುಲುಂಡಿನ ಹೋಟೆಲೊಂದರ ಗಲ್ಲದಲ್ಲಿ
ಮೂವತ್ತೊಂದು ವರ್ಷ ಕೂತವನು.
ಅವನ ಬೋರ್ಡಿನಲ್ಲಿ ಒಂಬತ್ತೇ ಇರಲಿಲ್ಲ.
ಚಹಾ ಐದು, ಇಡ್ಲಿ ಹತ್ತು, ಮಸಾಲೆ ದೋಸೆ ಇಪ್ಪತ್ತು.
ಬೆಲೆಗೆ ನಾಚಿಕೆ ಇರಬಾರದು ಮಗಾ, ಎನ್ನುತ್ತಿದ್ದ,
ಚಿಲ್ಲರೆಯನ್ನು ಕಲ್ಲಿನ ಮೇಲೆ ಟಕ್ಕೆಂದು ಇಡುತ್ತ.
ಬಟಾಟೆ ತುಟ್ಟಿಯಾದ ತಿಂಗಳು ಪಲ್ಯ ಚಿಟಿಕೆಯಷ್ಟಾಗುತ್ತಿತ್ತು.
ಅದನ್ನು ಅವನೂ ಎಲ್ಲೂ ಬರೆದು ಹಾಕಲಿಲ್ಲ.

ಕಳೆದ ಶನಿವಾರ, ಸಂಜೆ, ಸಾಲು ಬಾಗಿಲಿನವರೆಗೆ.
ಪೆಡ್ನೇಕರ್ ಕಾಕೂ ಬಿಲ್ಲು ತಡೆದು ನಿಂತರು:
ಮಶೀನು ಏನಾದರೂ ಹೇಳಲಿ, ಇಲ್ಲಿ ಇನ್ನೂರು ಅಂತಿದೆ.
ಸರ್ ಬಂದು ಚೀಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದರು.
ನಿಜ.
ಎರಡು ಒಂಬತ್ತುಗಳೂ ಬಾಲ ಸವೆದು ದುಂಡಗೆ,
ಸಾಧುವಾಗಿ, ಸೊನ್ನೆಗಳಾಗಿ ಕೂತಿದ್ದವು.
ನಗೆ ತಡೆದುಕೊಳ್ಳಲು ಬಗ್ಗಿ
ಬಿದ್ದಿರದ ಪೆನ್ನನ್ನು ಹುಡುಕಿದೆ.
ಅಷ್ಟರಲ್ಲಿ ಸಾಲಿನ ಹಿಂದಿನವರು ಗಾಡಿ ತಿರುಗಿಸಿ ಓಡಿದ್ದರು.
ಹದಿನೇಳು ಕ್ಯಾಸೆರೋಲು,
ಒಂದೂ ಉಳಿಯಲಿಲ್ಲ.

ಸೋಮವಾರ ಸರ್ ಕರೆದು ಕಾಗದದ ಮೇಲೆ ಗುಣಿಸಿದರು:
ತೊಂಬತ್ತೊಂಬತ್ತು, ಹದಿನೇಳು ಸಲ.
ಸಾವಿರದ ಆರುನೂರ ಎಂಬತ್ತಮೂರು
ನಿನ್ನ ಸಂಬಳದಿಂದ, ಎಂದರು.
ನನ್ನ ಮುಖ ನೋಡಿದರು. ಚಹಾ ತರಿಸಿದರು.
ಹೋಗಲಿ, ಹಳೆಯ ಕೈ ನೀನು, ಎಂದು
ಕೆಂಪು ಪೆನ್ನು ತೆಗೆದು ಆ ಅಂಕಿಗೊಂದು ಗೆರೆ ಎಳೆದು
ಕೆಳಗೆ ಬರೆದರು:
ಸಾವಿರದ ನಾನೂರ ತೊಂಬತ್ತೊಂಬತ್ತು.

ಗೆರೆ ಸ್ವಲ್ಪ ಸೊಟ್ಟಗಿತ್ತು.
ಚಹಾ ಆರುವವರೆಗೆ, ಸುಳ್ಳು ಯಾಕೆ ಹೇಳಲಿ,
ನೂರ ಎಂಬತ್ತನಾಲ್ಕು ಉಳಿಯಿತಲ್ಲ ಎಂದು
ಖುಷಿಯಲ್ಲೇ ಕೂತಿದ್ದೆ.